ಒಂದೇ ಗಾಳಿ, ಎರಡು ದಡ

ಗಾಳಿಪಟ ಎಂದೊಡನೆ ನಮಗೆ ನೆನಪಾಗುವುದು ಮಕ್ಕಳ ಆಟ. ಆದರೆ ಗಾಳಿಪಟವನ್ನೇ ನಂಬಿ ಹುಟ್ಟೂರು ಬಿಟ್ಟು, ಪರದೇಶದಲ್ಲಿ ಅನ್ನ ಸಂಪಾದಿಸುವವರೂ ಇದ್ದಾರೆ ಎಂದರೆ ನೀವು ನಂಬುವಿರಾ?

ಹಲಗೆಯ ಮೇಲೆ ನಿಂತು, ಸೊಂಟದ ಪಟ್ಟಿಗೆ ದೊಡ್ಡ ಗಾಳಿಪಟವನ್ನು ಸಿಕ್ಕಿಸಿಕೊಂಡು ಸಮುದ್ರದ ಮೇಲೆ ಜಾರುತ್ತಾ ಸಾಗುವ ಈ ಕ್ರೀಡೆಗೆ ಕೈಟ್ ಸರ್ಫಿಂಗ್ ಎಂದು ಹೆಸರು. ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸಹೋದರರು 1984ರಲ್ಲಿ, ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಮೇಲೇರುವ ಗಾಳಿಪಟಕ್ಕೆ ಪೇಟೆಂಟ್ ಪಡೆದರು. 1990ರ ದಶಕದ ಕೊನೆಯಲ್ಲಿ ಅದು ಮಾರುಕಟ್ಟೆಗೆ ಬಂತು. ಈಜಿಪ್ಟಿನ ಕೆಂಪು ಸಮುದ್ರದ ತೀರದಿಂದ ಝಾಂಝಿಬಾರಿನವರೆಗೆ ಇಂದು ಇದನ್ನು ಕಲಿಸುವ ಶಾಲೆಗಳಿವೆ. ಇವುಗಳಲ್ಲಿ ಬಹಳ ಹೆಸರುವಾಸಿಯಾದದ್ದು ಸ್ಪೇನಿನ ದಕ್ಷಿಣ ತುದಿಯಲ್ಲಿರುವ ತರೀಫಾ ಎಂಬ ಪುಟ್ಟ ಪಟ್ಟಣ.

ಈ ಹೆಸರು ನಮಗೆ ಅಪರಿಚಿತವಲ್ಲ. ತಾರಿಕ್ ಬಿನ್ ಝಿಯಾದ್‌ರ ಸೇನೆ ಸ್ಪೇನಿಗೆ ಬರುವುದಕ್ಕೆ ಒಂದು ವರ್ಷ ಮೊದಲು, ಕ್ರಿ.ಶ. 710ರಲ್ಲಿ, ತರೀಫ್ ಬಿನ್ ಮಾಲಿಕ್ ಸಣ್ಣ ತುಕಡಿಯೊಂದಿಗೆ ಇಲ್ಲಿ ಬಂದಿಳಿದರು. ಅವರ ಹೆಸರೇ ಊರಿಗೆ ಉಳಿಯಿತು. ಖಲೀಫಾ ಮೂರನೆಯ ಅಬ್ದುರ್ರಹ್ಮಾನ್ 960ರಲ್ಲಿ ಕಟ್ಟಿಸಿದ ಕೋಟೆ ಇಂದಿಗೂ ಕಡಲಿಗೆ ಮುಖ ಮಾಡಿ ನಿಂತಿದೆ. ಎದುರಿಗೆ ಆಫ್ರಿಕಾ. ನಡುವಿನ ಜಲಸಂಧಿಯ ಅಗಲ ಕಿರಿದಾದಲ್ಲಿ ಕೇವಲ 14 ಕಿಲೋಮೀಟರ್.

ಎರಡೂ ಬದಿ ಬೆಟ್ಟಗಳಿರುವುದರಿಂದ ಅರ್ಧ ತೆರೆದ ಬಾಗಿಲಲ್ಲಿ ನುಗ್ಗುವಂತೆ ಗಾಳಿ ಇಲ್ಲಿ ರಭಸ ಪಡೆಯುತ್ತದೆ. ಪೂರ್ವದಿಂದ ಬೀಸುವುದು ಲೆವಾಂತೆ, ಪಶ್ಚಿಮದಿಂದ ಬೀಸುವುದು ಪೊನಿಯೆಂತೆ. ಈ ಗಾಳಿಯನ್ನು ಅರಸಿ ಯುರೋಪಿನ ನಾನಾ ದೇಶಗಳ ತರುಣ ತರುಣಿಯರು ಬಂದು ನೆಲೆಸಿ ಶಿಕ್ಷಕರಾಗುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಮೋಜಿನ ಬದುಕು. ಆದರೆ ಗಾಳಿಯಿಲ್ಲದ ದಿನ ಪಾಠವಿಲ್ಲ, ಪಾಠವಿಲ್ಲದಿದ್ದರೆ ಸಂಪಾದನೆಯೂ ಕಷ್ಟ. ಋತು ಮುಗಿದರೆ ಹಲವರು ಬ್ರೆಝಿಲ್‌ಗೋ ದಕ್ಷಿಣ ಆಫ್ರಿಕಾಕ್ಕೋ ಗಂಟುಮೂಟೆ ಕಟ್ಟಬೇಕು.

ಬಿಡುವುದನ್ನು ಕಲಿಸುವ ಪಾಠ

ಕಲಿಸುವ ಕ್ರಮವಂತೂ ಅಧ್ಯಾಪಕನಾದ ನನ್ನ ಗಮನ ಸೆಳೆಯಿತು. ವಿದ್ಯಾರ್ಥಿಯನ್ನು ಮೊದಲ ದಿನವೇ ನೀರಿಗಿಳಿಸುವುದಿಲ್ಲ. ಮರಳಿನ ಮೇಲೆ ನಿಲ್ಲಿಸಿ ಗಾಳಿಯ ದಿಕ್ಕು ಗುರುತಿಸಲು ಹೇಳುತ್ತಾರೆ. ಸಣ್ಣ ಗಾಳಿಪಟ ಕೊಟ್ಟು ಪಳಗಿಸುತ್ತಾರೆ. ಆಮೇಲೆ ಹಲಗೆಯಿಲ್ಲದೆ, ಗಾಳಿಪಟದ ಸೆಳೆತದಲ್ಲಿ ನೀರಿನಲ್ಲಿ ಸಾಗುವ ಅಭ್ಯಾಸ. ಹಲಗೆ ಸಿಗುವುದು ಕೊನೆಗೆ.

ಎಲ್ಲಕ್ಕಿಂತ ಮುಖ್ಯವಾದ ಪಾಠ, ಅಪಾಯದಲ್ಲಿ ಕೈಬಿಡುವುದು. ಹೆದರಿದ ಮನುಷ್ಯ ಕೈಯಲ್ಲಿರುವುದನ್ನು ಬಿಗಿಯಾಗಿ ಹಿಡಿದು ಎಳೆದುಕೊಳ್ಳುತ್ತಾನೆ. ಇಲ್ಲಿ ಹಿಡಿಕೆಯನ್ನು ಎಳೆದಷ್ಟೂ ಗಾಳಿಪಟದ ಬಲ ಹೆಚ್ಚುತ್ತದೆ, ಅದು ಅವನನ್ನೇ ಎತ್ತಿ ಎಸೆಯಬಹುದು. ಆದ್ದರಿಂದ ಕೈ ಬಿಡುವುದನ್ನೂ, ಗಾಳಿಪಟದ ಬಲ ಕಳೆಯುವ ಕೊಂಡಿ ಕಳಚುವುದನ್ನೂ ಯೋಚಿಸದೆಯೇ ಮಾಡುವಷ್ಟು ಅಭ್ಯಾಸ ಮಾಡಿಸುತ್ತಾರೆ. ನೆಲದಿಂದ ಕಡಲಿನತ್ತ ಗಾಳಿ ಬೀಸುವಾಗ ಶಿಕ್ಷಕರ ಎಚ್ಚರ ಇಮ್ಮಡಿಯಾಗುತ್ತದೆ. ಏಕೆಂದರೆ ಆಗ ದಾರ ತುಂಡಾದರೆ ವಿದ್ಯಾರ್ಥಿ ತೇಲಿಹೋಗುವುದು ನಡುಗಡಲಿಗೆ. ಒಂದು ಜೀವಕ್ಕಾಗಿ ಎಷ್ಟೊಂದು ಜಾಗ್ರತೆ!

ಆಚೆ ದಡದವರು

ಆದರೆ ಇದೇ ನೀರಿನಲ್ಲಿ ಯಾರ ಕಾವಲೂ ಇಲ್ಲದೆ ಬರುವವರಿದ್ದಾರೆ. 1988ರ ನವೆಂಬರ್ 1ರಂದು ಮೊರೊಕ್ಕೊದಿಂದ ಹೊರಟ ವಲಸಿಗರ ದೋಣಿಯೊಂದು ತರೀಫಾದ ಬಳಿ ಮುಳುಗಿತು. ಶವಗಳು ಲಾಸ್ ಲಾನ್ಸಸ್ ತೀರಕ್ಕೆ ಬಂದು ಬಿದ್ದವು. ಇಂದು ಬಣ್ಣಬಣ್ಣದ ಗಾಳಿಪಟಗಳು ಹಾರಾಡುವುದು ಇದೇ ತೀರದಲ್ಲಿ. ಆ ಬಳಿಕವೂ ಜನರು ಬರುತ್ತಲೇ ಇದ್ದಾರೆ. ಮಕ್ಕಳ ಆಟಿಕೆಯಂತಹ ರಬ್ಬರ್ ದೋಣಿಗಳಲ್ಲೂ ಬಂದಿದ್ದಾರೆ. ಪಟ್ಟಣದ ಸ್ಮಶಾನದಲ್ಲಿ ಹೆಸರಿಲ್ಲದ ವಲಸಿಗರ ಗೋರಿಗಳಿವೆ. ಅವರಿಗಾಗಿ ಮನೆಯಲ್ಲಿ ಕಾಯುವ ತಾಯಂದಿರಿಗೆ ಆ ಗೋರಿಗಳ ಸುದ್ದಿ ತಲುಪುವುದಾದರೂ ಹೇಗೆ?

ಜರ್ಮನಿಯ ಶಿಕ್ಷಕ ಬಿಡುವಿನ ದಿನ ಹಡಗು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಟ್ಯಾಂಜಿಯರ್ ತಲುಪುತ್ತಾನೆ. ಅವನಿಗೆ ವೀಸಾ ಬೇಕಿಲ್ಲ. ಟ್ಯಾಂಜಿಯರಿನ ಅದೇ ಪ್ರಾಯದ ಯುವಕ ಅದೇ ಹಡಗಿನಲ್ಲಿ ಈಚೆ ಬರಬೇಕಾದರೆ ವೀಸಾ ಬೇಕು. ಬಡವನಿಗೆ ಅದು ಸಿಗುವುದು ದುರ್ಲಭ. ಇಬ್ಬರೂ ಅರಸುವುದು ಪರದೇಶದಲ್ಲಿ ಒಂದು ಬದುಕು. ಗಲ್ಫಿನ ವೀಸಾಕ್ಕಾಗಿ ವರ್ಷಗಟ್ಟಲೆ ಕಾದ ನಮ್ಮ ಕರಾವಳಿಯ ಮನೆಗಳಿಗೆ ಆ ಒಂದು ಮುದ್ರೆಯ ಬೆಲೆ ವಿವರಿಸಬೇಕಾಗಿಲ್ಲ.

ಗಾಳಿ ರಭಸದಿಂದ ಬೀಸಿದಾಗ ಪ್ರವಾದಿ ಮುಹಮ್ಮದ್(ಸ)ರವರು ಅದರ ಒಳಿತನ್ನು ಅಲ್ಲಾಹನಲ್ಲಿ ಬೇಡುತ್ತಿದ್ದರು, ಅದರ ಕೆಡುಕಿನಿಂದ ಅಭಯ ಯಾಚಿಸುತ್ತಿದ್ದರು. ಒಂದೇ ಗಾಳಿಯಲ್ಲಿ ಎರಡೂ ಇವೆ. ತರೀಫಾದಲ್ಲಿ ಒಳಿತು ಒಂದು ದಡದವರ ಪಾಲಿಗೂ ಕೆಡುಕು ಇನ್ನೊಂದು ದಡದವರ ಪಾಲಿಗೂ ಹಂಚಿಹೋಗಿದೆ. ಹೀಗೆ ಹಂಚಿದ್ದು ಗಾಳಿಯಲ್ಲ, ಗಡಿ ಎಳೆದ ಮನುಷ್ಯರು. ಮುಂದೆ ನಮ್ಮ ಮನೆಯ ಬಾಗಿಲು ಗಾಳಿಗೆ ಬಡಿದುಕೊಂಡಾಗ ಆ ದುಆ ಪಠಿಸೋಣ. ಆಗ ಕಡಲ ನಡುವೆ ದೋಣಿಯಲ್ಲಿ ಕುಳಿತವರನ್ನೂ ಅದರಲ್ಲಿ ಸೇರಿಸಿಕೊಳ್ಳೋಣ.