ತೋಟದ ಮನೆಗೆ ಕೋವಿ ಬೇಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನ ವರ್ಷದ ದುಡಿಮೆ ಇರುವುದು ಅಟ್ಟದ ಮೇಲೆ. ಸಿಪ್ಪೆ ಸಮೇತ ಅಟ್ಟಕ್ಕೇರಿಸಿದ ಕಾಯಿಯ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಗಿಟುಕಾಗುವುದಕ್ಕೆ ಹತ್ತು ಹನ್ನೆರಡು ತಿಂಗಳು ಹಿಡಿಯುತ್ತದೆ. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 20 ಸಾವಿರ ರೂಪಾಯಿ ದಾಟಿತು. ಇಂಥ ಮಾಲನ್ನು ತಲೆಯ ಮೇಲಿಟ್ಟುಕೊಂಡು, ಕೆಂಕೆರೆಯಂಥ ಊರುಗಳ ಆಚೆಯ ಒಂಟಿ ತೋಟದ ಮನೆಗಳಲ್ಲಿ ವಯಸ್ಸಾದವರಿಬ್ಬರೇ ರಾತ್ರಿ ಕಳೆಯುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ. 'ಒಂದು ಕೋವಿ ಲೈಸೆನ್ಸ್ ಮಾಡಿಸಿಬಿಡೋಣವಾ ಅಪ್ಪಾ?' ಎಂಬ ಮಾತು ಫೋನಿನಲ್ಲಿ ಬಂದರೆ ಆಶ್ಚರ್ಯವಿಲ್ಲ.

ಕಳ್ಳರ ಭಯದ ಜೊತೆಗೆ ಚಿರತೆಯ ಭಯವೂ ಇದೆ. 2019ರ ಕೊನೆಯಿಂದ 2020ರ ಆರಂಭದವರೆಗೆ ಇದೇ ತುಮಕೂರು ಜಿಲ್ಲೆಯ ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆ ಚಿರತೆ ದಾಳಿಗೆ ಪುಟ್ಟ ಮಕ್ಕಳೂ ಬಲಿಯಾದರು. ಅದನ್ನು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಕೋವಿ ಕೇಳುವವರನ್ನು ಹಗುರವಾಗಿ ಕಾಣಬಾರದು.

ಆದರೆ ಯಾವ ಕೋವಿ? ಬೆಳೆ ಕಾವಲಿಗೆಂದು ಹಳ್ಳಿಗಳಲ್ಲಿ ಬಳಕೆಯಲ್ಲಿರುವುದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು, ಮೇಲೆ ಸೀಸದ ಚರೆ, ಅದರ ಮೇಲೆ ಮತ್ತೆ ನಾರು, ಕೊನೆಗೆ ಕೇಪು. ಇಷ್ಟೆಲ್ಲ ಆಗಿ ಹಾರುವುದು ಒಂದೇ ಈಡು. ಮಳೆಗಾಲದಲ್ಲಿ ಮದ್ದು ತೇವವಾದರೆ ಅದೂ ಇಲ್ಲ. ಹಂದಿ ಹಿಂಡನ್ನು ಸದ್ದಿನಿಂದ ಚದುರಿಸಲು ಇದು ಸಾಕು. ನಡುರಾತ್ರಿ ಬಾಗಿಲು ಒಡೆಯುವವರ ಮುಂದೆ ಇದರಿಂದ ಏನೂ ಸಾಗದು. ಹಾಗಾದರೆ ತೋಟಾ ಹಾಕುವ ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ಇರಲಿ ಎನ್ನಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯೂ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು ರಕ್ಷಣೆಗೆ ಒಪ್ಪುತ್ತದೆ. ಅರ್ಜಿದಾರನಿಗೆ 21 ತುಂಬಿರಬೇಕು, ಪೊಲೀಸ್ ವರದಿ ಬರಬೇಕು. 2016ರ ನಿಯಮಗಳು ತರಬೇತಿಯನ್ನೂ ಸೇರಿಸಿವೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ. ಪಿಸ್ತೂಲಿನ ಆಸೆ ತೋಟದ ಮನೆಗೆ ಬೇಡವೇ ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಗಾಬರಿಯಲ್ಲಿ ನಡುಗುವ ಕೈಗೆ ಅದಕ್ಕಿಂತ ಅಪಾಯಕಾರಿ ಇನ್ನೊಂದಿಲ್ಲ.

ಕೋವಿ ಬಂದ ಮೇಲೆ ಅದನ್ನು ಇಡುವುದೆಲ್ಲಿ? ಖಾಲಿ ಮಾಡಿ ಬೀರುವಿನಲ್ಲಿ ಬೀಗ ಹಾಕಿ, ತೋಟಾಗಳನ್ನು ಬೇರೆ ಕಡೆ ಇಡಬೇಕು, ಕ್ಷೇಮದ ದಾರಿ ಅದೊಂದೇ. ಹಾಗಿಟ್ಟರೆ ಕತ್ತಲಲ್ಲಿ ಕೀಲಿ ಹುಡುಕಿ, ಕನ್ನಡಕ ಹುಡುಕಿ, ತೋಟಾ ಹಾಕುವಷ್ಟರಲ್ಲಿ ಕಳ್ಳ ಒಳಗಿರುತ್ತಾನೆ. ಈಡು ತುಂಬಿ ತಲೆದಿಂಬಿನ ಬಳಿ ಇಟ್ಟರೆ ಬೇಸಿಗೆ ರಜೆಗೆ ಬಂದ ಮೊಮ್ಮಗ ಅದನ್ನು ಮುಟ್ಟುತ್ತಾನೆ. ಈ ಇಕ್ಕಟ್ಟಿಗೆ ನನಗೆ ತಿಳಿದಂತೆ ಪರಿಹಾರವಿಲ್ಲ. ಸಾಲದ್ದಕ್ಕೆ, ಕೋವಿ ಇರುವ ಮನೆ ಎಂದು ಗೊತ್ತಾದರೆ ಕೊಬ್ಬರಿಯ ಜೊತೆಗೆ ಕೋವಿಯೂ ಹೋಗುತ್ತದೆ. ಚುನಾವಣೆ ಘೋಷಣೆಯಾದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ಅಲೆದಾಟವೂ ಸೇರಿಕೊಳ್ಳುತ್ತದೆ.

ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟೇ ಬಲ ಎಂಬುದು ಅದರ ಮಿತಿ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದವನಿಗೆ ಈ ಆಸರೆ ಸಿಗುವುದು ಕಷ್ಟ. ಚಿರತೆಯ ವಿಷಯದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಾಣ ಉಳಿಸಿಕೊಳ್ಳಲು ಕೊಂದವನನ್ನು ತಪ್ಪಿತಸ್ಥ ಎನ್ನುವುದಿಲ್ಲ, ನಿಜ. ಆದರೆ ಕೊಟ್ಟಿಗೆ ಹತ್ತಿರ ಸುಳಿದಾಡಿತೆಂದು ಹೊಡೆಯುವಂತಿಲ್ಲ. ಗಾಯಗೊಂಡು ಪೊದೆ ಸೇರಿದ ಚಿರತೆ ಇಡೀ ಊರಿಗೆ ಕಂಟಕ.

ಕೋವಿಗೆ ಸುರಿಯುವ ದುಡ್ಡನ್ನು ಮೊದಲು ಮನೆಗೇ ಸುರಿಯಿರಿ ಎನ್ನುವುದು ನನ್ನ ಮಾತು. ಅಟ್ಟದ ಬಾಗಿಲಿಗೆ ಕಬ್ಬಿಣದ ಚೌಕಟ್ಟು, ಕರೆಂಟು ಹೋದರೂ ಉರಿಯುವ ಸೋಲಾರ್ ದೀಪ, ಅಂಗಳದ ಸುತ್ತ ಲಂಟಾನ ಸವರಿದ ಬಯಲು, ದನ ಕುರಿಗಳಿಗೆ ಚಾವಣಿಯಿರುವ ಗಟ್ಟಿ ಕೊಟ್ಟಿಗೆ. ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ, ಚಿರತೆಯನ್ನು ಕರೆಯುವುದೇ ಅದು. ಗಿಟುಕನ್ನು ಒಂದೇ ಸಲ ಸುಲಿಸದೆ, ಆಗಾಗ ಮಾರುಕಟ್ಟೆಗೆ ಕಳಿಸಿ ಅಟ್ಟ ಹಗುರ ಮಾಡಿಕೊಳ್ಳಿ. ಅಕ್ಕಪಕ್ಕದ ನಾಲ್ಕು ತೋಟದವರ ನಂಬರು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರಲಿ, ಜೊತೆಗೆ 112 ಮತ್ತು ಹತ್ತಿರದ ಅರಣ್ಯ ಕಚೇರಿಯದು. ಇಷ್ಟೆಲ್ಲ ಆದ ಮೇಲೂ ಕೋವಿ ಬೇಕೆನಿಸಿದರೆ, ಅಪ್ಪನ ಕಣ್ಣು ಕೈ ಎಷ್ಟು ಗಟ್ಟಿ ಇವೆಯೆಂದು ಒಮ್ಮೆ ನೋಡಿಕೊಂಡು ಅರ್ಜಿ ಹಾಕಿ.