ತರಗತಿಯಲ್ಲಿ ಸ್ವತಂತ್ರ ಓದು ಮತ್ತು ಜೋಡಿ ಓದು

ಸ್ವತಂತ್ರ ಓದು ಮತ್ತು ಜೋಡಿ ಓದು ಪ್ರಾಥಮಿಕ ತರಗತಿಗಳಲ್ಲಿ ಓದಿನ ರೂಢಿಯನ್ನು ಬೆಳೆಸಲು ದಿನನಿತ್ಯ ಅನುಸರಿಸುವ ಎರಡು ಕ್ರಮಗಳು. ಮೊದಲನೆಯದರಲ್ಲಿ ಮಗು ತಾನೇ ಆರಿಸಿಕೊಂಡ ಪುಸ್ತಕವನ್ನು ನಿಗದಿತ ಹೊತ್ತು ತನ್ನಷ್ಟಕ್ಕೆ ಓದುತ್ತದೆ. ಎರಡನೆಯದರಲ್ಲಿ ಇಬ್ಬರು ಮಕ್ಕಳು ಅಕ್ಕಪಕ್ಕ ಕುಳಿತು ಒಂದೇ ಪಠ್ಯವನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ. ಒಬ್ಬರು ತಪ್ಪಿದಾಗ ಇನ್ನೊಬ್ಬರು ತಿದ್ದುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ, ಮುಖ್ಯವಾಗಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಂತಹ ಬಹುಭಾಷಿಕ ಪ್ರದೇಶದಲ್ಲಿ, ಇವುಗಳನ್ನು ರೂಢಿಸುವ ಬಗೆಯನ್ನು ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಶಾಲಾವಧಿಯಲ್ಲಿಯೇ ಮೌನ ಓದಿಗೆ ಹೊತ್ತು ಮೀಸಲಿಡುವ ಪದ್ಧತಿಯು 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದಿತು. ಜೋಡಿ ಓದನ್ನು 1970ರ ದಶಕದಲ್ಲಿ ಬ್ರಿಟನ್ನಿನ ರೋಜರ್ ಮಾರ್ಗನ್ ರೂಪಿಸಿದರು. ಕೀತ್ ಟಾಪಿಂಗ್ ಅದನ್ನು ವಿಸ್ತರಿಸಿದರು. 2000ದಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ ವರದಿಯು, ಮಾರ್ಗದರ್ಶನ ಮತ್ತು ತಿದ್ದುಪಡಿಯೊಡನೆ ಗಟ್ಟಿಯಾಗಿ ಓದುವುದರಿಂದ ಓದಿನ ಸರಾಗತೆ ಹೆಚ್ಚುತ್ತದೆಂದು ಹೇಳಿತು. ಯಾರ ನೆರವೂ ಇಲ್ಲದ ಮೌನ ಓದಿನ ಬಗ್ಗೆ ಅಂತಹ ಸಾಕಷ್ಟು ಪುರಾವೆ ಅದಕ್ಕೆ ದೊರೆಯಲಿಲ್ಲ. ಆದುದರಿಂದ ಇವೆರಡರಲ್ಲಿ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಇನ್ನೂ ತಡವರಿಸುವ ಮಗುವಿಗೆ ಪುಸ್ತಕ ಕೊಟ್ಟು ಸುಮ್ಮನೆ ಕೂರಿಸಿದರೆ ಅದು ಪುಟ ತಿರುವುತ್ತದೆಯೇ ಹೊರತು ಓದುವುದಿಲ್ಲ.

ನಲಿ-ಕಲಿ ಮತ್ತು ನಾಲ್ಕನೆಯ ತರಗತಿ

ಕರ್ನಾಟಕದ ಶಿಕ್ಷಕರಿಗೆ ಈ ಕಲ್ಪನೆ ಹೊಸದಲ್ಲ. ಋಷಿ ಕಣಿವೆಯ ಶಾಲೆಗಳ ಮಾದರಿಯಿಂದ ಪ್ರೇರಿತವಾಗಿ, ಯುನಿಸೆಫ್ ನೆರವಿನೊಡನೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ, ಬಳಿಕ 3ನೆಯ ತರಗತಿಗೆ ವ್ಯಾಪಿಸಿತು. ಇದರಲ್ಲಿ ಮಕ್ಕಳು ಕೂರುವ ಐದು ತಟ್ಟೆಗಳಿವೆ. ಮೊದಲ ಎರಡರಲ್ಲಿ ಶಿಕ್ಷಕರ ಬೆಂಬಲವಿದ್ದರೆ ಮುಂದಿನ ಎರಡರಲ್ಲಿ ಗೆಳೆಯರ ಬೆಂಬಲವಿರುತ್ತದೆ. ಕೊನೆಯದು ಸ್ವಕಲಿಕೆಯ ತಟ್ಟೆ. ಜೋಡಿ ಓದು ಮತ್ತು ಸ್ವತಂತ್ರ ಓದು ಎರಡಕ್ಕೂ ಇಲ್ಲಿಯೇ ನೆಲೆಯಿದೆ.

ತೊಡಕಿರುವುದು ಅನಂತರದಲ್ಲಿ. ನಾಲ್ಕನೆಯ ತರಗತಿಗೆ ಬಂದ ಮಗು ತಟ್ಟೆಯನ್ನು ಬಿಟ್ಟು ಸಾಲಿನಲ್ಲಿ ಕೂರುತ್ತದೆ. ಎಲ್ಲರಿಗೂ ಒಂದೇ ಪಾಠ. ಆದರೆ ಕನ್ನಡ ಲಿಪಿಯ ಕಲಿಕೆ ಅಷ್ಟು ಹೊತ್ತಿಗೆ ಮುಗಿದಿರುವುದಿಲ್ಲ. ವರ್ಣಮಾಲೆಯ ಅಕ್ಷರಗಳು 49 ಇದ್ದರೂ ಕಾಗುಣಿತದ ರೂಪಗಳೇ ಸುಮಾರು 500ರಷ್ಟಾಗುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡದ ಆರಂಭಿಕ ಓದನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಜ್ಞಾನದ ಗಳಿಕೆ ನಿಧಾನವಾದುದು, ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವಂಥದು ಎಂದು ತೋರಿಸಿದೆ. ಗೆಳೆಯನ ನೆರವು ಇನ್ನೂ ಬೇಕಿರುವಾಗಲೇ ಅದು ಕೈತಪ್ಪುತ್ತದೆ. ಹೀಗಾಗಿ 4 ಮತ್ತು 5ನೆಯ ತರಗತಿಗಳಲ್ಲಿ ದಿನಕ್ಕೆ ಅರ್ಧ ಗಂಟೆಯ ಓದಿನ ಅವಧಿಯನ್ನು ಉಳಿಸಿಕೊಳ್ಳುವುದು ಅಗತ್ಯ.

ಜೋಡಿ ಮಾಡುವ ಕ್ರಮ

ಲಿನ್ ಮತ್ತು ಡಗ್ಲಾಸ್ ಫುಕ್ಸ್ ಅಮೆರಿಕದಲ್ಲಿ ರೂಪಿಸಿದ ಸಹಪಾಠಿ ನೆರವಿನ ಕಲಿಕೆಯ ವಿಧಾನ ಸರಳವಾಗಿದೆ. ಶಿಕ್ಷಕರು ಪ್ರತಿ ಮಗುವಿನಿಂದ ಒಂದು ಪರಿಚ್ಛೇದ ಓದಿಸಿ, ಸಾಮರ್ಥ್ಯದ ಕ್ರಮದಲ್ಲಿ ಪಟ್ಟಿ ಮಾಡಿ, ಅದನ್ನು ನಡುವೆ ಎರಡಾಗಿಸುತ್ತಾರೆ. 24 ಮಕ್ಕಳಿದ್ದರೆ 1ನೆಯವರಿಗೆ 13ನೆಯವರು, 2ನೆಯವರಿಗೆ 14ನೆಯವರು, ಹೀಗೆ 12ನೆಯವರಿಗೆ 24ನೆಯವರು ಜೊತೆಯಾಗುತ್ತಾರೆ. ಮೊದಲಿಗರನ್ನು ಕೊನೆಯವರೊಡನೆ ಕೂಡಿಸಿದರೆ ಅಂತರ ಹೆಚ್ಚಾಗಿ ಇಬ್ಬರಿಗೂ ಬೇಸರ ಬರುತ್ತದೆ. ಈ ಪಟ್ಟಿ ಮಕ್ಕಳ ಕಣ್ಣಿಗೆ ಬೀಳಬಾರದು.

ಚೆನ್ನಾಗಿ ಓದುವ ಮಗು ಮೊದಲು ಐದು ನಿಮಿಷ ಓದುತ್ತದೆ. ಜೊತೆಗಾರ ಬೆರಳಿಟ್ಟು ಅನುಸರಿಸುತ್ತಾನೆ. ಬಳಿಕ ಅದೇ ಭಾಗವನ್ನು ಆತ ಓದುತ್ತಾನೆ. ಒಮ್ಮೆ ಕಿವಿಗೆ ಬಿದ್ದ ಪಠ್ಯವಾದ್ದರಿಂದ ಅಳುಕು ಕಡಿಮೆಯಾಗಿರುತ್ತದೆ. ಓದುವವನು ಪದದಲ್ಲಿ ಸಿಕ್ಕಿಕೊಂಡರೆ ಕೇಳುಗ ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಕಾಯುತ್ತಾನೆ. ಆಮೇಲೆ ಪದ ಹೇಳಿಕೊಟ್ಟು ಇಡೀ ವಾಕ್ಯವನ್ನು ಮತ್ತೆ ಓದಿಸುತ್ತಾನೆ. ಕೊನೆಯ ಎರಡು ನಿಮಿಷ ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಲು ಮೀಸಲು. ತಿಂಗಳಿಗೊಮ್ಮೆ ಜೋಡಿ ಬದಲಿಸುವುದು ರೂಢಿ.

ತಿದ್ದುವುದನ್ನೂ ಮಕ್ಕಳಿಗೆ ಕಲಿಸಬೇಕಾಗುತ್ತದೆ. ರಾಯಚೂರು ಸೀಮೆಯ ಮಗು 'ಮನೆ'ಯನ್ನು 'ಮನಿ' ಎಂದೂ 'ಶಾಲೆ'ಯನ್ನು 'ಸಾಲಿ' ಎಂದೂ ಉಚ್ಚರಿಸಿದರೆ ಅದು ಓದಿನ ತಪ್ಪಲ್ಲ. ಅಕ್ಷರ ಗುರುತಿಸಿ, ಅರ್ಥ ತಿಳಿದು, ತನ್ನ ಆಡುನುಡಿಗೆ ತಂದುಕೊಂಡ ಗುರುತು. 'ಮನೆ'ಯನ್ನು 'ಮಳೆ' ಎಂದರೆ ಮಾತ್ರ ತಿದ್ದಬೇಕು. ಈ ಭೇದ ಅರಿಯದ ಕಡೆ ಜೋಡಿ ಓದು ಬೇಗನೆ ಗೇಲಿಯಾಗಿ ಮಾರ್ಪಡುತ್ತದೆ.

ಸ್ವತಂತ್ರ ಓದು

ಆರಂಭದಲ್ಲಿ ಮೂರು ನಿಮಿಷ ಸಾಕು. ದಿನ ಕಳೆದಂತೆ ಹದಿನೈದಕ್ಕೆ ಏರಿಸಬಹುದು. ಚಿಕ್ಕ ಮಕ್ಕಳು ತುಟಿ ಅಲುಗಿಸಿ ಪಿಸುದನಿಯಲ್ಲಿ ಓದುವುದು ಸಹಜ, ಅದನ್ನು ತಡೆಯುವ ಅಗತ್ಯವಿಲ್ಲ. ಒಂದು ಪುಟದಲ್ಲಿ ಐದು ತಿಳಿಯದ ಪದಗಳಿದ್ದರೆ ಪುಸ್ತಕ ಬದಲಿಸಬೇಕೆಂಬ ಐದು ಬೆರಳಿನ ನಿಯಮ ಪ್ರಸಿದ್ಧವಾಗಿದೆ; ಪುಟಕ್ಕೆ ಮೂರೇ ಸಾಲುಗಳಿರುವ ಚಿತ್ರಪುಸ್ತಕಕ್ಕೆ ಎರಡು ಬೆರಳೇ ಮಿತಿ. ಈ ಹೊತ್ತಿನಲ್ಲಿ ಶಿಕ್ಷಕರು ಹಾಜರಿ ಅಥವಾ ಬಿಸಿಯೂಟದ ಲೆಕ್ಕ ಬರೆಯದೆ, ದಿನಕ್ಕೆ ಮೂರು ನಾಲ್ಕು ಮಕ್ಕಳ ಪಕ್ಕ ಕುಳಿತು ಅರ್ಧ ಪುಟ ಓದಿಸಿ ಕೇಳಿದರೆ ಮೌನ ಓದಿನ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಮೂರು ತಾಲ್ಲೂಕುಗಳ ಸಂದರ್ಭ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದಾಗಿ ಸಿಂಧನೂರು ಭಾಗದಲ್ಲಿ ತೆಲುಗು ಮನೆಮಾತಿನ ರೈತರ ಕ್ಯಾಂಪುಗಳು ನೆಲೆಗೊಂಡಿವೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಆಡುವವರಿದ್ದಾರೆ. ಲಿಂಗಸುಗೂರು, ಮಸ್ಕಿ ಕಡೆ ಲಂಬಾಣಿ ತಾಂಡಾಗಳಿವೆ; ಉರ್ದು ಮನೆಮಾತಿನವರು ಮೂರೂ ಕಡೆ ಇದ್ದಾರೆ. ಇಂತಹ ತರಗತಿಯಲ್ಲಿ ಕನ್ನಡದಲ್ಲಿ ಓದಿ, ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳಲು ಬಿಡುವುದು ಉಪಯುಕ್ತ. ಓದಿದ್ದು ಅರ್ಥವಾಗಿದೆಯೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.

ಹತ್ತಿ ಬಿಡಿಸುವ ಕಾಲದಲ್ಲಿ ಹಾಜರಾತಿ ತಗ್ಗುತ್ತದೆ. ಮಳೆಯಾಶ್ರಿತ ಹಳ್ಳಿಗಳ ಕುಟುಂಬಗಳು ಬೆಂಗಳೂರಿನಂತಹ ನಗರಗಳಿಗೆ ಗುಳೆ ಹೋಗುತ್ತವೆ. ಆಗ ಜೋಡಿಗಳು ಒಡೆಯುವುದರಿಂದ ಕೆಲವೆಡೆ ಮೂವರ ಗುಂಪು ಮಾಡಬೇಕಾಗುತ್ತದೆ. ಮರಳಿ ಬಂದ ಮಗುವನ್ನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಸುವ ನಲಿ-ಕಲಿಯ ನಿಯಮ ಇಲ್ಲಿಯೂ ಸಲ್ಲುತ್ತದೆ.

ಪುಸ್ತಕಗಳು

ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದಿಂದ ಈ ಕ್ರಮ ನಡೆಯದು. ಗೋಡೆಗೆ ಹಗ್ಗ ಕಟ್ಟಿ, ಮಕ್ಕಳ ಕೈಗೆಟುಕುವಂತೆ ತೂಗುಹಾಕಿದರೂ ಆದೀತು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಇವುಗಳ ಜೊತೆಗೆ ಶಿಕ್ಷಕರು ಊರಿನ ಸಂಗತಿಗಳನ್ನೇ ನಾಲ್ಕೈದು ಸಾಲುಗಳ ಓದುಪಟ್ಟಿಗಳಾಗಿ ಬರೆಯಬಹುದು: ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ, 1915ರಲ್ಲಿ ಪತ್ತೆಯಾದ, ಅಶೋಕನ ಹೆಸರನ್ನು ನೇರವಾಗಿ ಹೇಳುವ ಮಸ್ಕಿಯ ಬಂಡೆಶಾಸನ.