ಕಾಲತಪ್ಪಿದ ಚರಣ

1963ರ ಏಪ್ರಿಲ್ 6ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾಮಾನ್ಯ ಧ್ವನಿಮುದ್ರಣಾಲಯವೊಂದರಲ್ಲಿ, ಸುಮಾರು ಐವತ್ತು ಡಾಲರು ವೆಚ್ಚದಲ್ಲಿ, ‘ಕಿಂಗ್ಸ್‌ಮೆನ್’ ಎಂಬ ಎಳೆಯರ ವಾದ್ಯವೃಂದವು ‘ಲೂಯಿ ಲೂಯಿ’ ಹಾಡನ್ನು ಒಂದೇ ಸಲಕ್ಕೆ ನುಡಿಸಿ ಮುಗಿಸಿತು. ಮೈಕನ್ನು ಮೇಲಿನಿಂದ ತೂಗುಬಿಟ್ಟಿದ್ದುದರಿಂದ ಗಾಯಕನಾದ ಜ್ಯಾಕ್ ಈಲಿಯು ತುದಿಗಾಲಲ್ಲಿ ನಿಂತು, ಕತ್ತೆತ್ತಿ, ವಾದ್ಯಗಳ ಆರ್ಭಟವನ್ನು ಮೀರುವಂತೆ ಕೂಗಬೇಕಾಯಿತು; ಮಾತುಗಳು ಕಲಸಿಹೋದವು. ಗಿಟಾರಿನ ಏಕವಾದನ ಮುಗಿಯುತ್ತಲೇ ಅವನು ಮುಂದಿನ ಚರಣವನ್ನು ಕಾಲಕ್ಕೆ ಮುಂಚೆ ಎತ್ತಿಕೊಂಡು, ತಪ್ಪನ್ನರಿತು ಥಟ್ಟನೆ ತಡೆದು ನಿಂತನು; ಆ ತೆರಪನ್ನು ಲಿನ್ ಈಸ್ಟನ್ನನ ಡ್ರಮ್ಮು ತುಂಬಿತು. ತಿದ್ದುವ ಗೋಜಿಗೆ ಯಾರೂ ಹೋಗಲಿಲ್ಲ. ಗ್ಯಾರೇಜ್ ರಾಕ್ ಎಂದು ಅನಂತರ ಹೆಸರಾದ ಒರಟು ಸಂಗೀತದ ಚೈತನ್ಯವೆಲ್ಲ ಆ ತಿದ್ದದ ಎಡವಟ್ಟಿನಲ್ಲಿಯೇ ಇದೆಯೆಂಬುದು ನನ್ನ ದೃಢವಾದ ನಂಬಿಕೆ; ಆಮೇಲಿನ ಎಷ್ಟೋ ತಂಡಗಳು ಆ ತಪ್ಪನ್ನೂ ಹಾಡಿನ ಅಂಗವೆಂದೇ ಬಗೆದು ಬೇಕೆಂದೇ ಅನುಕರಿಸಿದವು.

ಹಾಡು ಪ್ರಸಿದ್ಧಿಗೆ ಬರುವ ಮುನ್ನವೇ ತಂಡ ಒಡೆಯಿತು. ವೃಂದದ ಹೆಸರು ತನ್ನ ಪಾಲಿಗೆ ನೋಂದಣಿಯಾಗಿದೆಯೆಂಬ ಬಲದಿಂದ ಈಸ್ಟನ್ನನು, ಇನ್ನು ಹಾಡುವವನು ತಾನೇ ಎಂದು ಸಾರಲು, ಈಲಿಯು ಹೊರನಡೆದನು. ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದಾಗ ದೂರದರ್ಶನದಲ್ಲಿ ಈಸ್ಟನ್ನನ ತುಟಿಗಳು ಅಲುಗಿದವು, ಕೇಳಿಸಿದ ಕಂಠ ಈಲಿಯದು. ಒಬ್ಬನ ಉಸಿರನ್ನು ಇನ್ನೊಬ್ಬನ ಮುಖಕ್ಕೆ ಅಂಟಿಸಿದ ಈ ಅನ್ಯಾಯವನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಕಹಿಯಾಗುತ್ತದೆ.

ಅಷ್ಟರಲ್ಲಿ, ತಿಳಿಯದ ಮಾತುಗಳಲ್ಲಿ ಅಶ್ಲೀಲವಿದೆಯೆಂಬ ಗುಲ್ಲೆದ್ದಿತು. 1964ರಲ್ಲಿ ಇಂಡಿಯಾನಾ ರಾಜ್ಯಪಾಲ ಮ್ಯಾಥ್ಯೂ ವೆಲ್ಷ್ ಅದನ್ನು ಆಕಾಶವಾಣಿಯಲ್ಲಿ ಪ್ರಸಾರಮಾಡದಂತೆ ಕೋರಿದರು. ಎಫ್‌ಬಿಐ ತನಿಖೆಗಿಳಿದು, ತನ್ನ ಪ್ರಯೋಗಾಲಯದಲ್ಲಿ ಆ ತಟ್ಟೆಯನ್ನು ಬೇರೆಬೇರೆ ವೇಗಗಳಲ್ಲಿ ತಿರುಗಿಸಿ, ನೂರಕ್ಕೂ ಮಿಕ್ಕ ಪುಟಗಳ ಕಡತ ಬೆಳೆಸಿ, ಕಟ್ಟಕಡೆಗೆ ಯಾವ ವೇಗದಲ್ಲಿಯೂ ಮಾತು ಅರ್ಥವಾಗದೆಂದು ಕೈಚೆಲ್ಲಿತು. ನಿಜದಲ್ಲಿ ಅದು, ಕಡಲಾಚೆಯ ಪ್ರೇಯಸಿಗಾಗಿ ಹಂಬಲಿಸುವ ನಾವಿಕನೊಬ್ಬನ ನಿರಪರಾಧಿ ಅಳಲು. ಅದನ್ನು ರಚಿಸಿದ ಲಾಸ್ ಏಂಜಲಿಸ್‌ನ ಕರಿಯ ಗಾಯಕ ರಿಚರ್ಡ್ ಬೆರ್ರಿಯು, ಮದುವೆಯ ಖರ್ಚಿಗೆಂದು, 750 ಡಾಲರಿಗೆ ಹಕ್ಕುಗಳನ್ನು ಮಾರಿಕೊಂಡಿದ್ದನು. ಹಾಡು ಲೋಕವನ್ನೆಲ್ಲ ಸುತ್ತಿದ ಬಹುಕಾಲದ ಮೇಲೆ, 1980ರ ದಶಕದಲ್ಲಿ, ಅವನ ಪಾಲು ಅವನಿಗೆ ಮರಳಿತು.

ಈಲಿಯೂ ಹೋರಾಡಿಯೇ ಪಡೆದನು. 1966ರ ಒಪ್ಪಂದದಂತೆ ಈಸ್ಟನ್ನನು ಆ ಕಂಠ ತನ್ನದೆಂದು ಹೇಳಿಕೊಳ್ಳುವುದು ನಿಂತಿತು; ತಟ್ಟೆಗಳ ಮುಂದಿನ ಪ್ರತಿಗಳ ಮೇಲೆ ಮುಖ್ಯ ಗಾಯಕನೆಂದು ಜ್ಯಾಕ್ ಈಲಿಯ ಹೆಸರನ್ನು ಅಚ್ಚು ಹಾಕಬೇಕಾಯಿತು.